ಕೆಂಚ ಊಟ ಬಿಟ್ಟ ಎಂಟು ದಿನ

ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದರೆ ಜನ ಸಾಮಾನ್ಯವಾಗಿ ನಗುತ್ತಾರೆ. ಆ ಸೋಮವಾರ ನನ್ನ ಮುಂದೆ ಕೂತಿದ್ದ ಯಜಮಾನರು ನಗಲಿಲ್ಲ.

"ನಂಗೆ ಮೊದ್ಲೇ ಡೌಟಿತ್ತು ಡಾಕ್ಟ್ರಮ್ಮ. ಅದು ಉಚ್ಚೆ ಉಯ್ದಿದ್ ಕಡೆಯೆಲ್ಲ ಇರುವೆ ಸಾಲು. ನಂದೂ ಇಂಗೇ ಅಲ್ವಾ ಗೊತ್ತಾಗಿದ್ದು," ಎಂದರು.

ಬೂದಿಕೋಟೆಯಿಂದಾಚೆಗಿನ ಹಳ್ಳಿಯ ರೈತರು ಅವರು. ಎರಡು ಸೀಮೆ ಹಸು, ಒಂದಿಷ್ಟು ರಾಗಿ ಹೊಲ, ಡೈರಿಗೆ ಎರಡು ಹೊತ್ತು ಹಾಲು. ಅವರ ಹಸುಗಳಿಗೆ ನಾನೇ ಡಾಕ್ಟರು, ಹಾಗಾಗಿ ಬೆಕ್ಕಿಗೂ ನಾನೇ ಆದೆ. ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಕೆಳಗೆ ನನ್ನ ಕ್ಲಿನಿಕ್ಕು, ಮೇಲೆ ಮನೆ. ಹಳ್ಳಿಯಿಂದ ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಕೆಜಿಎಫ್‌ಗೆ ಇನ್ನೊಂದು. ಎರಡು ಟೊಮೇಟೊ ಕ್ರೇಟುಗಳನ್ನು ಬಾಯಿಗೆ ಬಾಯಿ ಕೂಡಿಸಿ ಹಗ್ಗ ಬಿಗಿದು, ಒಳಗೆ ಬೆಕ್ಕನ್ನು ಕೂರಿಸಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಎಷ್ಟು ಜನ ತಮಾಷೆ ಮಾಡಿದರೋ. ಬೆಕ್ಕಿನ ಹೆಸರು ಕೆಂಚ, ವಯಸ್ಸು ಒಂಬತ್ತು. ಊರಿನ ಬೆಕ್ಕುಗಳೊಂದಿಗೆಲ್ಲ ಜಗಳವಾಡಿ ಕಿವಿ ಹರಿದುಕೊಳ್ಳುತ್ತಿದ್ದ ಇವನಿಗೆ ಕೆಲವು ವರ್ಷಗಳ ಹಿಂದೆ ಬೀಜ ತೆಗೆದವಳೂ ನಾನೇ. ಅಂದಿನಿಂದ ಹಾಲು-ಅನ್ನ ತಿಂದು, ಹುಲ್ಲಿನ ಬಣವೆ ಮೇಲೆ ಮಲಗಿ ಆರು ಕೆ.ಜಿ. ದಾಟಿದ್ದ. ಈಗ ನಾಲ್ಕೂವರೆಗೆ ಇಳಿದಿದ್ದ. ಹಸುವಿನ ತೊಟ್ಟಿಗೆ ಬಾಯಿ ಹಾಕಿ ನೀರು ಕುಡಿಯುತ್ತಿದ್ದನಂತೆ.

ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ತೊಟ್ಟು ರಕ್ತ ತೆಗೆದೆ. ಸಕ್ಕರೆ ನಾನೂರ ಮೂವತ್ತು. ಬೆಕ್ಕುಗಳಿಗೆ ಹೆದರಿಕೆಯಾದರೂ ಸಕ್ಕರೆ ಏರುತ್ತದೆ, ಅದಕ್ಕೇ ಒಂದು ಗಂಟೆ ಕತ್ತಲೆ ಕೋಣೆಯಲ್ಲಿ ಬಿಟ್ಟು ಮತ್ತೆ ನೋಡಿದೆ. ಇಳಿದಿರಲಿಲ್ಲ. ಉಚ್ಚೆಯಲ್ಲೂ ಸಕ್ಕರೆ ತುಂಬಿತ್ತು. ಇನ್ಸುಲಿನ್ ಬರೆದೆ: ಬೆಳಿಗ್ಗೆ ಒಂದು ಪಾಯಿಂಟು, ಅಂದರೆ ಒಂದು ಯೂನಿಟ್ಟು, ಸಂಜೆ ಒಂದು ಪಾಯಿಂಟು. ಫ್ರಿಜ್ಜಿನ ಬಾಗಿಲಿನಲ್ಲಿಡಬೇಕು, ಕುಲುಕಬಾರದು, ಭುಜದ ಹಿಂದಿನ ಚರ್ಮ ಎತ್ತಿ ಚುಚ್ಚಬೇಕು. ನೀರು ತುಂಬಿದ ಸಿರಿಂಜಿನಲ್ಲಿ ಟೊಮೇಟೊಗೆ ಚುಚ್ಚಿ ಅಭ್ಯಾಸ ಮಾಡಿಸಿದೆ. ಒಂದೇ ಸಲಕ್ಕೆ ಕಲಿತರು. ತಮ್ಮ ಬೆರಳನ್ನು ತಾವೇ ಚುಚ್ಚಿಕೊಂಡು ಸಕ್ಕರೆ ನೋಡಿಕೊಳ್ಳುವವರು, ಮನೆಯಲ್ಲಿ ಮೀಟರೂ ಇತ್ತು. ಇಷ್ಟು ಸುಲಭದ ರೋಗಿ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಕ್ಯಾಸಂಬಳ್ಳಿ ಕಡೆ ಒಂದು ಹಸುವಿನ ಹೆರಿಗೆ. ಕರುವಿನ ಕತ್ತು ಹಿಂದಕ್ಕೆ ಮಡಚಿಕೊಂಡಿತ್ತು. ನನ್ನ ಬಲಗೈ ಭುಜದವರೆಗೂ ಒಳಗಿತ್ತು, ಹಸು ತಿಣುಕಿದಾಗಲೆಲ್ಲ ಮೂಳೆ ಪುಡಿಯಾಗುವಂತೆ ನೋಯುತ್ತಿತ್ತು. ಆಗ ಫೋನು. ಹಸುವಿನವರು ನನ್ನ ಜೇಬಿನಿಂದ ತೆಗೆದು ನನ್ನ ಕಿವಿಗೆ ಹಿಡಿದರು.

"ಕೆಂಚ ಬೆಳಗ್ಗೆಯಿಂದ ಏನೂ ಉಂಡಿಲ್ಲ ಡಾಕ್ಟ್ರಮ್ಮ. ಸೂಜಿ ಆಕ್ಲಾ, ಬ್ಯಾಡ್ವಾ?"

"ಉಣ್ಣದಿದ್ರೆ ಹಾಕ್ಬೇಡಿ," ಎಂದೆ. ಕರುವಿನ ದವಡೆ ಬೆರಳಿಗೆ ಸಿಕ್ಕಿತು. ಫೋನು ದೂರವಾಯಿತು. ಕರು ಬದುಕಿತು, ಹಸುವೂ ಬದುಕಿತು, ಮನೆಗೆ ಬಂದು ಬಿಸಿನೀರು ಸುರಿದುಕೊಂಡು ಮಲಗಿದೆ. ಬೆಕ್ಕಿನ ವಿಷಯ ತಲೆಯಿಂದ ಪೂರ್ತಿ ಹೋಗಿತ್ತು.

ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿನ ಷಟರ್ ಎತ್ತುವಾಗಲೇ ಕ್ರೇಟು ಹಿಡಿದು ಅವರು ಮೆಟ್ಟಿಲ ಮೇಲೆ ಕೂತಿದ್ದರು. ಹಗ್ಗ ಬಿಚ್ಚಿದಾಗ ಕೆಂಚ ಏಳಲಿಲ್ಲ. ಚರ್ಮ ಎತ್ತಿ ಬಿಟ್ಟರೆ ಗುಡಾರದಂತೆ ನಿಂತೇ ಇತ್ತು. ಮೀಟರ್ ಅಂಕಿಯನ್ನೇ ತೋರಿಸಲಿಲ್ಲ, ನನ್ನ ಅಳತೆಗೆ ಮೀರಿದ್ದು ಎಂದುಬಿಟ್ಟಿತು. ತೂಕ ಸರಿಯಾಗಿ ನಾಲ್ಕು ಕೆ.ಜಿ. ಬಾಯಿ ನೋಡಲು ಬಗ್ಗಿದೆ. ಅವನ ಉಸಿರು ಮೂಗಿಗೆ ಬಡಿಯಿತು.

ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಕೊಳೆತ ಹಣ್ಣಿನ ಸಿಹಿ ವಾಸನೆ. ಕರು ಹಾಕಿದ ಹೊಸದರಲ್ಲಿ ಹಾಲು ಹೆಚ್ಚಾಗಿ, ಮೇವು ಬಿಟ್ಟು ನಿಲ್ಲುವ ಹಸುಗಳ ಬಾಯಲ್ಲಿ ಬರುವ ವಾಸನೆ ಅದು. ಕೀಟೋಸಿಸ್ ಅನ್ನುತ್ತೇವೆ. ಇಲ್ಲಿನ ಹಾಲಿನ ಹಸುಗಳಲ್ಲಿ ಇದನ್ನು ನೋಡಿ ನೋಡಿ ನನ್ನ ಬ್ಯಾಗಿನಲ್ಲಿ ಅದರ ಪರೀಕ್ಷೆಯ ಪುಡಿ ಸದಾ ಇರುತ್ತದೆ. ಒಂದು ಚಿಟಿಕೆ ಪುಡಿಯ ಮೇಲೆ ಹಸುವಿನ ಉಚ್ಚೆ ಎರಡು ಹನಿ ಬಿಟ್ಟರೆ, ರೋಗವಿದ್ದರೆ ನೇರಳೆ ಬಣ್ಣ. ಅದೇ ಪುಡಿಯ ಮೇಲೆ ಕೆಂಚನ ಉಚ್ಚೆ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬದನೆಕಾಯಿ ಬಣ್ಣ ಬಂತು.

ಹಸುವಿನ ಮೈಯಲ್ಲಿ ಸಕ್ಕರೆ ಸಾಲದೆ ಕೊಬ್ಬು ಕರಗುತ್ತದೆ. ಇಲ್ಲಿ ಸಕ್ಕರೆ ತುಂಬಿ ತುಳುಕುತ್ತಿದೆ, ಆದರೆ ಇನ್ಸುಲಿನ್ ಇಲ್ಲದೆ ಮೈ ಅದನ್ನು ಮುಟ್ಟಲಾರದು. ತುಂಬಿದ ಕಣಜಕ್ಕೆ ಬೀಗ ಹಾಕಿದ ಹಾಗೆ. ಹಸಿದ ಮೈ ಕೊಬ್ಬನ್ನು ಸುಡುತ್ತದೆ, ಸುಟ್ಟದ್ದು ರಕ್ತದಲ್ಲಿ ವಿಷವಾಗುತ್ತದೆ, ವಿಷದಿಂದ ಹೊಟ್ಟೆ ತೊಳಸಿ ಇನ್ನಷ್ಟು ಊಟ ಬಿಡುತ್ತದೆ. ಕರಗಿದ ಕೊಬ್ಬು ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ತುಂಬಿಕೊಳ್ಳುತ್ತದೆ. ಕೆಂಚನ ಕಿವಿಯ ಒಳಭಾಗ ಆಗಲೇ ಸ್ವಲ್ಪ ಹಳದಿಯಾಗಿತ್ತು.

"ಏನು ಹಾಕಿದ್ರಿ ಊಟಕ್ಕೆ?" ಎಂದು ಕೇಳಿದೆ.

ಅವರು ನೆಲ ನೋಡಿದರು. "ರಾಗಿ ಮುದ್ದೆ ಕಿವುಚಿ, ಅದ್ರಾಗೆ ವಸಿ ಮೆಂತ್ಯದ ಪುಡಿ. ಹಾಲ್ಗೂ ಬೆರಸ್ದೆ. ನಂಗೆ ಅದ್ರಲ್ಲೇ ಅಲ್ವಾ ಸುಗರು ಕಮ್ಮಿ ಆಗಿದ್ದು. ಅನ್ನ ಬುಡುಸ್ದೆ."

ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಅವತ್ತು ಇನ್ನೂ ಜೋರಾಯಿತು. "ಬೆಕ್ಕಿಗೆ ಮೆಂತ್ಯ ತಿನ್ನಿಸ್ತೀರಾ? ಅದು ಮಾಂಸ ತಿನ್ನೋ ಪ್ರಾಣಿ ರೀ! ಬೆಕ್ಕು ಒಂದು ಸಲ ಕಹಿ ಅಂತ ಅಸಹ್ಯ ಪಟ್ಕೊಂಡ್ರೆ ಆಮೇಲೆ ಆ ತಟ್ಟೇನೂ ಮೂಸಲ್ಲ. ಯಾರು ಹೇಳಿದ್ರು ನಿಮಗೆ ಈ ವೈದ್ಯ?" ಎಂದು ಕೂಗಾಡಿದೆ. ಹೊರಗೆ ಕೋಳಿಗೆ ಔಷಧಿ ಕೊಳ್ಳಲು ಬಂದವರೂ ಇಣುಕಿ ನೋಡಿದರು. ಮನುಷ್ಯ ಮುದುಡಿಹೋದರು.

"ನಾನೇ ಸಾಯಿಸ್ದಂಗಾಯ್ತು," ಎಂದರು.

"ಮತ್ತೆ ಗುರುವಾರದಿಂದ ಇನ್ಸುಲಿನ್?"

"ನೀವು ಉಣ್ಣದಿದ್ರೆ ಆಕ್ಬ್ಯಾಡಿ ಅಂದ್ರಲ್ಲ. ಅದು ಉಣ್ಲಿಲ್ಲ. ಅಂಗಾಗಿ ಒಂದೊತ್ತೂ ಆಕಿಲ್ಲ ಡಾಕ್ಟ್ರಮ್ಮ, ಸತ್ಯವಾಗ್ಲೂ."

ಅದು ದೂರಾಗಿರಲಿಲ್ಲ. ಹೇಳಿದ ಮಾತು ಮೀರಿಲ್ಲ ಎಂಬ ಸಮಜಾಯಿಷಿ ಅಷ್ಟೆ. ನನ್ನ ಕೂಗಾಟ ಅಲ್ಲಿಗೆ ನಿಂತಿತು. ಮೆಂತ್ಯದಿಂದ ಬೆಕ್ಕು ಊಟ ಬಿಟ್ಟಿತು, ನಿಜ. ಆದರೆ ಊಟ ಬಿಟ್ಟ ಬೆಕ್ಕಿಗೆ ಮೂರು ದಿನ ಇನ್ಸುಲಿನ್ ನಿಂತದ್ದರಿಂದ ಅದು ಸಾಯುವ ಹಂತಕ್ಕೆ ಬಂತು. ನಾನು ಹೇಳಬೇಕಾಗಿದ್ದುದು 'ಅರ್ಧ ಹಾಕಿ, ಇವತ್ತೇ ಕರ್ಕೊಂಡು ಬನ್ನಿ' ಎಂಬ ಮಾತು. ಹಸುವಿನ ಗರ್ಭದಲ್ಲಿ ಕೈಯಿಟ್ಟುಕೊಂಡು ಎರಡು ಪದದಲ್ಲಿ ಮುಗಿಸಿದ್ದೆ. ಪಕ್ಕದಲ್ಲಿ ನಮ್ಮ ಕಾಂಪೌಂಡರ್ ಹತ್ತಿ ಹಿಡಿದು ನಿಂತಿದ್ದರು. ತಮಿಳು ಮನೆಮಾತಿನ ಹಿರಿಯರು, ನಾನು ಕ್ಲಿನಿಕ್ ತೆರೆದಾಗಿನಿಂದ ಜೊತೆಯಲ್ಲಿದ್ದಾರೆ. ಅವರು ನನ್ನ ಮುಖ ನೋಡಿದರು. ತಪ್ಪು ನನ್ನದೂ ಎಂದು ಯಜಮಾನರಿಗೆ ನಾನು ಹೇಳಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದೆ. "ಸಾಯಂಕಾಲ ಹಾಲ್ ಕರೆಯೋರ್ಯಾರು? ಎಂಡ್ರಿಗೆ ಕೈ ನೋವು. ದಾರೀಲೇ ಓಯ್ತದೆ ಅದು. ನೀವೇ ನೋಡಿ," ಎಂದರು.

ಕೆಲಸ ಶುರುವಾಯಿತು. ಮುಂಗಾಲಿನ ಕೂದಲು ಬೋಳಿಸಿ ಅತಿ ಸಣ್ಣ ಸೂಜಿಯನ್ನು ನರಕ್ಕೆ ಏರಿಸಲು ಮೂರು ಸಲ ಸೋತೆ. ಹಸುವಿನ ಕತ್ತಿನ ಹೆಬ್ಬೆರಳಿನಂಥ ನರ ಹುಡುಕುವ ಕೈಗೆ ಬೆಕ್ಕಿನ ದಾರದಂಥ ನರ ಸಿಗುವುದು ಸುಲಭವಲ್ಲ. ನಾಲ್ಕನೇ ಸಲ ಸಿಕ್ಕಿತು. ಮಕ್ಕಳಿಗೆ ಬಳಸುವ ಅಳತೆ ಗುರುತಿನ ಡ್ರಿಪ್ಪಿನಲ್ಲಿ ಸಲೈನು ಬಿಟ್ಟೆ. ಇಂಥ ರೋಗಿಗೆ ಮೊದಲೇ ಇನ್ಸುಲಿನ್ ಕೊಡುವಂತಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇದ್ದು, ಮೇಲೆ ಇನ್ಸುಲಿನ್ ಬಿದ್ದರೆ ಅದು ಇನ್ನೂ ಕುಸಿದು ಹೃದಯ ನಿಲ್ಲುತ್ತದೆ. ರಕ್ತದ ಬಾಟಲಿಯನ್ನು ಕಾಂಪೌಂಡರ್ ಕೈಲಿ ಕೊಟ್ಟು ಊರೊಳಗಿನ ಲ್ಯಾಬಿಗೆ ಓಡಿಸಿದೆ. ಅದು ಮನುಷ್ಯರ ಲ್ಯಾಬು. ಚೀಟಿಯಲ್ಲಿ 'ಕೆಂಚ, ಗಂಡು, ಒಂಬತ್ತು ವರ್ಷ' ಎಂದಷ್ಟೇ ಬರೆದಿದ್ದೆ. ಒಂದು ಗಂಟೆಯಲ್ಲಿ ಲ್ಯಾಬಿನ ಹುಡುಗಿ ಗಾಬರಿಯಿಂದ ಫೋನ್ ಮಾಡಿದಳು: "ಮೇಡಂ, ಪೊಟ್ಯಾಸಿಯಂ ಎರಡು ಪಾಯಿಂಟ್ ಎಂಟಿದೆ. ಮಗೂನ ಮೊದ್ಲು ಎಲ್ಲಾದ್ರೂ ಅಡ್ಮಿಟ್ ಮಾಡ್ಸಿ!" ಮಗು ನನ್ನ ಮೇಜಿನ ಮೇಲೇ ಇದೆ ಕಣಮ್ಮ ಎಂದೆ. ನಗುವಷ್ಟು ಶಕ್ತಿ ಇರಲಿಲ್ಲ.

ಸಲೈನಿಗೆ ಪೊಟ್ಯಾಸಿಯಂ ಬೆರೆಸಿ, ನಾಲ್ಕು ಗಂಟೆ ಕಳೆದ ಮೇಲೆ ಇನ್ಸುಲಿನ್. ಈ ಹಂತದಲ್ಲಿ ಬೇಗ ಕೆಲಸ ಮಾಡುವ ಇನ್ಸುಲಿನ್ ಬೇಕು, ಅದರಲ್ಲಿ ನಾಲ್ಕು ಕೆ.ಜಿ. ಬೆಕ್ಕಿಗೆ ಮೊದಲು ಮುಕ್ಕಾಲು ಪಾಯಿಂಟಿಗಿಂತ ಚೂರು ಜಾಸ್ತಿ, ಆಮೇಲೆ ಗಂಟೆಗೊಮ್ಮೆ ಅದರ ಅರ್ಧ. ಯಾವ ಸಿರಿಂಜಿನಲ್ಲೂ ಅಷ್ಟು ಸಣ್ಣ ಗೆರೆಯಿಲ್ಲ. ಒಂದು ಎಂ.ಎಲ್. ಇನ್ಸುಲಿನ್ನಿಗೆ ಒಂಬತ್ತು ಎಂ.ಎಲ್. ಸಲೈನು ಬೆರೆಸಿ ತೆಳು ಮಾಡಿಕೊಂಡೆ. ಅದರಲ್ಲಿ ಕಾಲು ಎಂ.ಎಲ್.ಗಿಂತ ಕಡಿಮೆ ಎಳೆದು ತೊಡೆಗೆ ಕೊಟ್ಟೆ. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ 'ತೆಳು ಮಾಡಿದ್ದು' ಎಂದು ಬರೆದು ಅಂಟಿಸಿದೆ. ಲೆಕ್ಕವನ್ನು ನಾನು ಎರಡು ಸಲ, ಕಾಂಪೌಂಡರ್ ಒಂದು ಸಲ ನೋಡಿದರು. ನನ್ನ ಮೇಲೆ ನನಗೆ ನಂಬಿಕೆ ಹೋಗಿತ್ತು.

ಆ ರಾತ್ರಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕೆಂಚನನ್ನು ಮೇಲೆ ಮನೆಗೆ ಒಯ್ದು ಗಂಟೆಗೊಮ್ಮೆ ಕಿವಿ ಚುಚ್ಚಿದೆ. ಸೋಮವಾರ ಬೆಳಿಗ್ಗೆ ಸಕ್ಕರೆ ಇನ್ನೂರ ನಲವತ್ತಕ್ಕೆ ಇಳಿಯಿತು. ಆಗ ಸಲೈನಿಗೆ ಡೆಕ್ಸ್ಟ್ರೋಸ್ ಸೇರಿಸಲು ಹೇಳಿದೆ.

"ಎನ್ನ ಮೇಡಂ, ಇದೇನು, ಶುಗರ್ ಪೇಷಂಟ್‌ಗೆ ಗ್ಲೂಕೋಸಾ?" ಕಾಂಪೌಂಡರ್ ಬಾಟಲಿ ಹಿಡಿದು ನಿಂತೇಬಿಟ್ಟರು.

"ವಿಷ ಹೋಗ್ಬೇಕಂದ್ರೆ ಇನ್ಸುಲಿನ್ ನಿಲ್ಲಿಸೋ ಹಾಗಿಲ್ಲ. ಇನ್ಸುಲಿನ್ ಕೊಡ್ಬೇಕಂದ್ರೆ ಸಕ್ಕರೆ ತೀರಾ ಇಳಿಯೋ ಹಾಗಿಲ್ಲ. ಒಂದು ಕೈಲಿ ಕೊಡೋದು, ಇನ್ನೊಂದು ಕೈಲಿ ಕಿತ್ಕೊಳೋದು," ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಮತ್ತೆ ಚುಚ್ಚಿತು. ಊಟ ಮಾಡದ ಬೆಕ್ಕಿಗೂ ಇನ್ಸುಲಿನ್ ಬೇಕು ಎಂದು ಈಗ ಕಾಂಪೌಂಡರಿಗೆ ಪಾಠ ಹೇಳುತ್ತಿದ್ದೇನೆ, ಗುರುವಾರ ಈ ಬುದ್ಧಿ ಎಲ್ಲಿ ಹೋಗಿತ್ತು?

ಯಜಮಾನರು ದಿನಾ ಬರುತ್ತಿದ್ದರು. ಬೆಳಗಿನ ಹಾಲು ಡೈರಿಗೆ ಹಾಕಿ ಬಸ್ಸು ಹಿಡಿದರೆ ಹತ್ತೂವರೆಗೆ ಇಲ್ಲಿ. ಸಂಜೆ ಹಾಲಿಗೆ ವಾಪಸು ಸೇರಬೇಕು, ಆದ್ದರಿಂದ ಎರಡು ಗಂಟೆಗೆ ಎದ್ದುಬಿಡುತ್ತಿದ್ದರು. ನಡುವಿನ ಹೊತ್ತೆಲ್ಲ ಮೂಲೆಯ ಸ್ಟೂಲಿನಲ್ಲಿ ಕೂತು ಬೆಕ್ಕಿನ ಜೊತೆ ತೆಲುಗಿನಲ್ಲಿ ಮಾತು. "ತಿನು ನಾಯ್ನಾ, ಕೊಂಚೆಂ ತಿನು," ಎಂದು ಬೆರಳಿಗೆ ಮೀನು ಹಚ್ಚಿ ಅದರ ಮೂತಿ ಹತ್ತಿರ ಹಿಡಿಯುವುದು. ಅದು ಮುಖ ತಿರುಗಿಸಿ ವಾಕರಿಕೆಗೆ ಜೊಲ್ಲು ಸುರಿಸುವುದು. ಕಾಂಪೌಂಡರ್ ಬನ್ನು-ಟೀ ತಂದುಕೊಟ್ಟರೆ, "ಉಂಡ್ಕೊಂಡ್ ಬಂದಿವ್ನಿ," ಎನ್ನುತ್ತಿದ್ದರು.

ಮಂಗಳವಾರದ ಹೊತ್ತಿಗೆ ಸಕ್ಕರೆ ಹತೋಟಿಗೆ ಬಂದಿತ್ತು. ಪುಡಿಯ ಮೇಲಿನ ನೇರಳೆ ತಿಳಿಯಾಗಿತ್ತು, ಹೋಗಿರಲಿಲ್ಲ. ವಾಕರಿಕೆ ನಿಲ್ಲಿಸುವ ಇಂಜೆಕ್ಷನ್ ಕೊಟ್ಟೆ. ಹಸಿವು ಹುಟ್ಟಿಸುವ, ಮನುಷ್ಯರ ಮಾತ್ರೆಯೊಂದರ ಕಾಲು ಭಾಗ ಕೊಟ್ಟೆ. ಕೋಳಿ ಸಾರು, ಮೊಟ್ಟೆ, ಹುರಿದ ಈಲಿ, ಏನಿಟ್ಟರೂ ಮೂಸಲಿಲ್ಲ. ಸಿರಿಂಜಿನಲ್ಲಿ ಬಾಯಿಗೆ ಬಿಟ್ಟದ್ದನ್ನು ಉಗುಳಿ, ನನ್ನ ಕೈ ನೋಡಿದರೆ ಮೂಲೆಗೆ ಸರಿಯತೊಡಗಿತು. ಕಿವಿಯ ಹಳದಿ ಒಸಡಿಗೂ ಇಳಿದಿತ್ತು. ಆರು ದಿನ ಊಟವಿಲ್ಲದ ಬೆಕ್ಕು. ಇನ್ನೆರಡು ದಿನ ಹೀಗೇ ಹೋದರೆ ಸಕ್ಕರೆ ಕಾಯಿಲೆಯಿಂದಲ್ಲ, ಈಲಿ ಕೆಟ್ಟು ಸಾಯುತ್ತದೆ.

ಉಳಿದಿದ್ದು ಒಂದೇ ದಾರಿ. ಮೂಗಿನಿಂದ ಅನ್ನನಾಳಕ್ಕೆ ನಳಿಕೆ. ಮೆಡಿಕಲ್ ಅಂಗಡಿಯಲ್ಲಿ ಹಸುಗೂಸುಗಳಿಗೆ ಹಾಲುಣಿಸಲು ಸಿಗುವ ಐದನೇ ನಂಬರಿನ ಸಣ್ಣ ಟ್ಯೂಬು. ಕರುಗಳಿಗೆ ಎಷ್ಟೋ ಸಲ ಟ್ಯೂಬ್ ಹಾಕಿದ್ದೇನೆ, ಬೆಕ್ಕಿಗೆ ಒಮ್ಮೆಯೂ ಹಾಕಿರಲಿಲ್ಲ. ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗಿ, ಅದು ಗೊತ್ತಾಗದೆ ನಾವು ಸಾರು ಬಿಟ್ಟರೆ ಬೆಕ್ಕನ್ನು ನಾವೇ ಮುಳುಗಿಸಿ ಕೊಂದಂತೆ. ಇದನ್ನೆಲ್ಲ ಯಜಮಾನರಿಗೆ ಹೇಳಿದೆ.

ಅವರು ಎದ್ದು ನಿಂತರು. "ಮೂಗ್ನಾಗೆ ಪೈಪಾ? ಬ್ಯಾಡ ಡಾಕ್ಟ್ರಮ್ಮ. ನಮ್ ಬಾಮೈದುನ್ಗೂ ಇಂಗೇ ಆಕಿದ್ರು. ಕೈ ಕಟ್ಟಾಕಿದ್ರು, ಕಿತ್ಕೊಂತಾನೆ ಅಂತ. ಎಣಾನೇ ಮನೆಗ್ ಬಂದಿದ್ದು. ಇದ್ನ ಅಂಗೆ ಸಾಯ್ಸೋದ್ ಬ್ಯಾಡ. ನಾನ್ ಮಾಡಿದ್ ಪಾಪ ನಂಗೇ ಇರ್ಲಿ, ಮನೇಗ್ ತಕೊಂಡ್ ಓಯ್ತೀನಿ. ಬಣವೆ ಮ್ಯಾಲೆ ಓಗ್ಲಿ."

ಕ್ರೇಟಿಗೆ ಹಳೆ ಸೀರೆ ಹಾಸತೊಡಗಿದರು. ನನಗೆ ನಿದ್ದೆಯಿಲ್ಲದೆ ಎರಡು ದಿನ. ಹೊರಗೆ ಎರಡು ಹಳ್ಳಿಯಿಂದ ಹಸು ನೋಡಲು ಕರೆ ಬಂದಿತ್ತು. ಇಲ್ಲಿ ಮುಚ್ಚಿಡದೆ ಹೇಳಿಬಿಡುತ್ತೇನೆ: ಒಂದು ಕ್ಷಣ, ಒಯ್ಯಲಿ ಬಿಡು ಅನ್ನಿಸಿತು. ಅವರು ಒಯ್ದರೆ ಬೆಕ್ಕು ಮೆಂತ್ಯ ತಿಂದು ಸತ್ತ ಬೆಕ್ಕಾಗುತ್ತದೆ. ನನ್ನ ಎರಡು ಪದ ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಗ್ಗ ಬಿಗಿಯುತ್ತಿದ್ದ ಅವರ ಕೈ ಹಿಡಿದುಕೊಂಡೆ.

"ಅಣ್ಣ, ಒಂದು ದಿನ ಕೊಡಿ. ನಾಳೆ ಇಷ್ಟೊತ್ತಿಗೆ ನೀವು ಬಂದಾಗ ಇದಕ್ಕೆ ಹಿಂಸೆ ಆಗ್ತಿದೆ ಅನ್ಸಿದ್ರೆ, ನಾನೇ ಟ್ಯೂಬ್ ಕಿತ್ತು ನಿಮ್ಮ ಕೈಲಿ ಕೊಡ್ತೀನಿ. ಕೈ ಕಾಲು ಏನೂ ಕಟ್ಟಲ್ಲ."

ಅವರು ಬಹಳ ಹೊತ್ತು ಬೆಕ್ಕಿನ ತಲೆ ಸವರಿದರು. "ಒಂದ್ ದಿನ ಅಂದ್ರೆ ಒಂದೇ ದಿನ," ಎಂದು ಕ್ರೇಟು ಅಲ್ಲೇ ಬಿಟ್ಟು ಬಸ್ಸಿಗೆ ಹೋದರು.

ಕಾಂಪೌಂಡರ್ ಟ್ಯೂಬು ತಂದರು. ಮೂಗಿನ ತುದಿಯಿಂದ ಎಂಟನೇ ಪಕ್ಕೆಲುಬಿನವರೆಗೆ ಅಳೆದು ಬಾಲ್‌ಪೆನ್ನಿನಲ್ಲಿ ಗುರುತು ಮಾಡಿಕೊಂಡೆ. ಮೂಗಿಗೆ ಜೋಮು ಹಿಡಿಸುವ ಔಷಧಿ ಎರಡು ಹನಿ ಬಿಟ್ಟು ಐದು ನಿಮಿಷ ಕಾದು, ಟ್ಯೂಬಿಗೆ ಜೆಲ್ ಹಚ್ಚಿ ಒಳಕ್ಕೆ ಕೆಳಮುಖವಾಗಿ ತಳ್ಳಿದೆ. ಅರ್ಧ ಹೋಗಿರಬೇಕು, ಕೆಂಚ ಕೆಮ್ಮಿದ. ತಕ್ಷಣ ಎಳೆದುಬಿಟ್ಟೆ. ಎರಡನೇ ಸಲ ಅವನ ತಲೆಯನ್ನು ಸ್ವಲ್ಪ ಬಗ್ಗಿಸಿ, ಅವನು ನುಂಗುವುದನ್ನು ಕಾದು, ನುಂಗಿದಾಗಲೇ ತಳ್ಳಿದೆ. ಗುರುತಿನವರೆಗೂ ಹೋಯಿತು, ಕೆಮ್ಮಲಿಲ್ಲ. ಸಿರಿಂಜು ಸಿಕ್ಕಿಸಿ ಹಿಂದಕ್ಕೆಳೆದೆ, ಗಾಳಿ ಬರಲಿಲ್ಲ. ಎರಡು ಎಂ.ಎಲ್. ಸಲೈನು ಬಿಟ್ಟು ಕಾದೆ. ಆಗಲೂ ಕೆಮ್ಮಲಿಲ್ಲ.

"ಸರಿಯಾಗಿ ಓಗಿದೆ ಮೇಡಂ," ಎಂದರು ಕಾಂಪೌಂಡರ್.

"ಇನ್ನೊಂದು ಸಲ ನೋಡೋಣ," ಎಂದೆ. ಮೂರು ಸಲ ನೋಡಿದೆವು.

ಟ್ಯೂಬನ್ನು ಮೂಗಿನ ಪಕ್ಕಕ್ಕೂ ಹಣೆಯ ಚರ್ಮಕ್ಕೂ ಒಂದೊಂದು ಹೊಲಿಗೆ ಹಾಕಿ ಹಿಡಿಸಿದೆ. ಕಾಲಿನಿಂದ ಕೆರೆದು ಕೀಳದಂತೆ, ಯಾರದೋ ಮುರಿದ ಮೂಳೆಯ ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿ ಕತ್ತಿಗೆ ಕೊಡೆ ಮಾಡಿದೆವು. ಕೋಳಿ ಮಾಂಸ ಬೇಯಿಸಿ, ಮೊಟ್ಟೆಯ ಹಳದಿ ಬೆರೆಸಿ, ಮಿಕ್ಸಿಗೆ ಹಾಕಿ ಎರಡು ಸಲ ಬಟ್ಟೆಯಲ್ಲಿ ಸೋಸಿದೆ. ಮೊದಲ ಸಲ ಐದು ಎಂ.ಎಲ್. ಅಷ್ಟೆ, ಎರಡು ಗಂಟೆಗೊಮ್ಮೆ. ದಿನಕ್ಕೆ ಬೇಕಾದ್ದರಲ್ಲಿ ಮೂರರಲ್ಲೊಂದು ಪಾಲು. ಇಷ್ಟು ದಿನ ಹಸಿದ ಮೈಗೆ ಒಮ್ಮೆಲೇ ಸುರಿದರೆ ರಕ್ತದ ಲವಣಗಳು ಕುಸಿದು ಊಟವೇ ಕೊಲ್ಲುತ್ತದೆ. ಜೊತೆಗೆ ಮತ್ತೆ ಮೊದಲಿನ, ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಶುರು, ಅರ್ಧ ಪಾಯಿಂಟು.

ಬುಧವಾರ ಬೆಳಿಗ್ಗೆ ಟ್ಯೂಬು ಕಟ್ಟಿಕೊಂಡಿತು. ಮೊಟ್ಟೆಯ ಕಸರು. ಅತಿ ಸಣ್ಣ ಸಿರಿಂಜಿನಲ್ಲಿ ಬೆಚ್ಚಗಿನ ನೀರು ಒತ್ತುವುದು, ಎಳೆಯುವುದು, ಒತ್ತುವುದು, ಎಳೆಯುವುದು. ಮುಕ್ಕಾಲು ಗಂಟೆಯಲ್ಲಿ ನನ್ನ ಹೆಬ್ಬೆರಳು ಮರಗಟ್ಟಿತು. ನಾಲ್ಕು ಮಾತು ಬೈದೆ, ಅವು ಇಲ್ಲಿ ಬರೆಯುವಂಥವಲ್ಲ. ಕೊನೆಗೆ ಬಿಟ್ಟುಕೊಂಡಿತು. ಯಜಮಾನರು ಬಂದಾಗ ಕೆಂಚ ಎಕ್ಸ್‌ರೇ ಕೊಡೆಯೊಳಗೆ ಮುಖವಿಟ್ಟುಕೊಂಡು, ಮುಂಗಾಲು ಮಡಚಿ ನೆಟ್ಟಗೆ ಕೂತಿದ್ದ. ನಾಲ್ಕು ದಿನದಿಂದ ಮಲಗಿಯೇ ಇದ್ದವನು. ಅವರು ಎದುರಿಗೆ ಕೂತು ಹತ್ತು ನಿಮಿಷ ನೋಡಿದರು.

"ಇರ್ಲಿ ಬುಡಿ, ಪೈಪು," ಎಂದರು.

ಗುರುವಾರ ಒಸಡಿನ ಹಳದಿ ಏರಲಿಲ್ಲ. ಸಂಜೆಗೆ ಪುಡಿಯ ಮೇಲೆ ಬಣ್ಣವೇ ಬರಲಿಲ್ಲ. ಇನ್ಸುಲಿನ್ ಒಂದು ಪಾಯಿಂಟಿಗೆ ಏರಿಸಿದೆ. ಶುಕ್ರವಾರ ಮಧ್ಯಾಹ್ನ ಕಾಂಪೌಂಡರ್ ತಮ್ಮ ಡಬ್ಬಿ ಬಿಚ್ಚಿದರು. ಒಳಗೆ ಕರುವಾಡು, ಅಂದರೆ ಒಣಮೀನಿನ ಗೊಜ್ಜು. ಆ ವಾಸನೆಗೆ ನಾನು ಯಾವಾಗಲೂ ಬೈಯುತ್ತೇನೆ, ಹೊರಗೆ ಕೂತು ತಿನ್ನಿ ಎನ್ನುತ್ತೇನೆ. ಅವತ್ತು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಂಚನ ಮೂಗು ಅಲುಗಿತು. ಕೊಡೆಯನ್ನು ಪಂಜರದ ಕಂಬಿಗೆ ಬಡಿಸಿಕೊಳ್ಳುತ್ತಾ ಎದ್ದು ಬಂದ.

"ಪಾವಂ ಮೇಡಂ, ಪಾಪ, ಅದಕ್ಕೆ ನಮ್ಮ ಊಟಾನೇ ಬೇಕಿತ್ತು!" ಎಂದು ಕಾಂಪೌಂಡರ್ ಒಂದು ತುಂಡನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ಉಪ್ಪು ಖಾರ ತೆಗೆದು, ಯಜಮಾನರ ಅಂಗೈಯಲ್ಲಿ ಇಟ್ಟರು. ಕೆಂಚ ಮೂಸಿದ. ನೆಕ್ಕಿದ. ತಿಂದ. ಯಜಮಾನರು ಅಂಗೈ ಅಲುಗಿಸದೆ ಹಾಗೇ ಹಿಡಿದಿದ್ದರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಇನ್ನೊಂದು ಕೈಯನ್ನೂ ಎತ್ತಲಿಲ್ಲ, ಬೆಕ್ಕು ಬೆದರೀತೆಂದು. ನಾನು ಮುಖ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಭಾನುವಾರ ಟ್ಯೂಬ್ ತೆಗೆದು ಮನೆಗೆ ಕಳಿಸುವ ದಿನ. ಎರಡು ದಿನದಿಂದ ತಾನಾಗಿಯೇ ಹೊಟ್ಟೆ ತುಂಬ ತಿಂದಿದ್ದ. ಕಾಲಿಗೆ ಬೀಳಲು ಬಂದ ಯಜಮಾನರನ್ನು ತಡೆದೆ.

"ನಾನ್ ಕೊಂದಿದ್ನ ನೀವ್ ಬದುಕಿಸ್ಕೊಟ್ರಿ ಡಾಕ್ಟ್ರಮ್ಮ. ನಮ್ಮೂರಾಗೆ ಎಲ್ರಿಗೂ ಏಳಿವ್ನಿ," ಎಂದರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. "ಕೂತ್ಕೊಳ್ಳಿ," ಎಂದೆ. "ಮೆಂತ್ಯದಿಂದ ಊಟ ಬಿಡ್ತು, ಅದು ನಿಜ. ಆದ್ರೆ ಬರೀ ಅಷ್ಟೇ ಆಗಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ. ಆ ಗುರುವಾರ ಹಸುವಿನ ಹೆರಿಗೆ ಮಾಡಿಸ್ತಾ ಫೋನ್‌ನಲ್ಲಿ ನಾನು ಹೇಳಿದ್ದು ತಪ್ಪು. ಉಣ್ಣದಿದ್ರೂ ಅರ್ಧ ಹಾಕ್ಬೇಕಿತ್ತು, ಅವತ್ತೇ ಕರೆಸ್ಕೋಬೇಕಿತ್ತು. ಮೂರು ದಿನ ಇನ್ಸುಲಿನ್ ನಿಲ್ಲಿಸಿದ್ದು ನಾನು. ಕಳೆದ ಭಾನುವಾರವೇ ನಂಗೆ ಇದು ಗೊತ್ತಾಗಿತ್ತು, ಹೇಳ್ಲಿಲ್ಲ. ನಿಮ್ಮನ್ನ ಎಲ್ಲರೆದುರಿಗೆ ಬೈದೆ. ನನ್ನದು ದೊಡ್ಡ ತಪ್ಪಾಯ್ತು ಅಣ್ಣ."

ಅವರು ಕ್ರೇಟಿನ ಹಗ್ಗವನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನಾನ್ ಆರ್ ದಿನ ಉಂಡಿಲ್ಲ," ಎಂದರು ಕೊನೆಗೆ. "ಅದುಣ್ಣೋಗಂಟ ನಾನೂ ಉಣ್ಣಾಕಿಲ್ಲ ಅಂತ. ಮಜ್ಗೆ ಕುಡ್ದು ಮಾತ್ರೆ ನುಂಗ್ತಿದ್ದೆ. ಬುಧವಾರ ಡೈರಿ ತಾವ ತಲೆ ತಿರುಗಿ ಬಿದ್ದೆ. ನಾನೇ ಪಾಪಿ ಅಂತ."

ಸಕ್ಕರೆ ಕಾಯಿಲೆಯ ಮನುಷ್ಯ, ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ. ದಿನಾ ನನ್ನ ಕಣ್ಣೆದುರಿಗೇ ಕೂತಿದ್ದರು. ಬೆಕ್ಕಿನ ಸಕ್ಕರೆಯನ್ನು ಗಂಟೆಗೊಮ್ಮೆ ನೋಡಿದ ನಾನು ಇವರ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಅವರು ಎದ್ದರು, ಕ್ರೇಟು ಎತ್ತಿಕೊಂಡರು, ಹೋದರು. ಬರ್ತೀನಿ ಎನ್ನಲಿಲ್ಲ.

ಎರಡು ವಾರ ಫೋನಿಲ್ಲ. ನಾನು ಮಾಡಿದರೆ ಅವರ ಹೆಂಡತಿ ಎತ್ತಿ, "ಉಂತೈತೆ, ಚೆನ್ನಾಗೈತೆ," ಎಂದಷ್ಟೇ ಹೇಳಿ ಇಡುತ್ತಿದ್ದರು. ಹಸುಗಳಿಗೆ ಬೇರೆ ಡಾಕ್ಟರನ್ನು ಕರೆಸಿದರು ಎಂದು ಯಾರೋ ಹೇಳಿದರು. ಸಿಟ್ಟು ಬರಲಿಲ್ಲ, ಆಗಬೇಕಾದ್ದೇ ಎನ್ನಿಸಿತು.

ಮೂರನೇ ವಾರದ ಒಂದು ಬೆಳಿಗ್ಗೆ ಹತ್ತೂವರೆಗೆ ಅವರು ಕ್ರೇಟಿನೊಂದಿಗೆ ಬಂದು ನಿಂತರು. ಕೆಂಚ ನಾಲ್ಕು ಕೆ.ಜಿ. ಆರುನೂರು ಗ್ರಾಂ. ಎರಡು ಗಂಟೆಗೊಮ್ಮೆ ಸಕ್ಕರೆ ನೋಡಿದೆ, ಇಳಿಯುತ್ತಿತ್ತು, ಆದರೆ ಬೇಕಾದಷ್ಟಲ್ಲ. ಡೋಸು ಸ್ವಲ್ಪ ಹೆಚ್ಚಿಸಬೇಕು, ಒಂದೂವರೆ ಪಾಯಿಂಟು ಎಂದೆ. ಅವರು ಜೇಬಿನಿಂದ ಡೈರಿಯ ಹಾಲಿನ ಪುಸ್ತಕ ತೆಗೆದು, ಹಿಂದಿನ ಖಾಲಿ ಹಾಳೆ ಬಿಡಿಸಿ ನನ್ನ ಮುಂದೆ ಇಟ್ಟರು.

"ಬಾಯಾಗ್ ಬ್ಯಾಡ ಡಾಕ್ಟ್ರಮ್ಮ. ಬರೀರಿ. ಕೆಳಗೆ ಸೈನಾಕಿ."

ಬರೆದೆ. ಎಷ್ಟು ಪಾಯಿಂಟು, ಯಾವ ಹೊತ್ತಿಗೆ, ಒಂದು ಹೊತ್ತು ಉಣ್ಣದಿದ್ದರೆ ಅರ್ಧ, ಎರಡು ಹೊತ್ತು ಉಣ್ಣದಿದ್ದರೆ ಅರ್ಧ ಹಾಕಿ ಆ ದಿನವೇ ಕರೆತರಬೇಕು. ಅವರು ಬೆರಳಿಟ್ಟು ಒಂದೊಂದೇ ಪದ ಓದಿದರು. ಡಾಕ್ಟರ ಅಕ್ಷರ ಅರ್ಥವಾಗಲಿಲ್ಲವೆಂದು ಎರಡು ಸಾಲು ಬಿಡಿಸಿ ಮತ್ತೆ ಬರೆಸಿದರು. ಆಮೇಲೂ ಪುಸ್ತಕ ತೆಗೆದುಕೊಳ್ಳಲಿಲ್ಲ.

"ಇನ್ನೊಂದ್ ಸಾಲು ಬರೀರಿ. 'ಡಾಕ್ಟ್ರಮ್ಮ ನಾನು, ಹಸ ನೋಡ್ತಾ ಇದ್ದಾಗ ಫೋನ್ನಾಗೆ ಏಳಿದ್ರೆ ಕೇಳ್ಬ್ಯಾಡಿ' ಅಂತ."

ಅದನ್ನೂ ಬರೆದು ಸಹಿ ಹಾಕಿದೆ.